ಮುಟ್ಟಬೇಡಿ, ಮೂಸಬೇಡಿ, ನೆಕ್ಕಬೇಡಿ

ರಸಾಯನಶಾಸ್ತ್ರದ ಲ್ಯಾಬು ಯಾವ ಊರಿನದ್ದಾದರೂ ಇರಲಿ, ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು ಇದ್ದೇ ಇರುತ್ತದೆ. ಮುಟ್ಟಬೇಡಿ, ಮೂಸಬೇಡಿ, ನೆಕ್ಕಬೇಡಿ, ತಿನ್ನಬೇಡಿ, ಓಡಬೇಡಿ, ಒಬ್ಬರೇ ಇರಬೇಡಿ. ಇಷ್ಟೆಲ್ಲ ಬೇಡವಾದ ಮೇಲೆ ಒಳಗೆ ಹೋಗಿ ಮಾಡುವುದಾದರೂ ಏನು ಎಂದು ಹೊಸಬರಿಗೆ ಅನ್ನಿಸಿದರೆ ಅವರ ತಪ್ಪೇನಿಲ್ಲ. ಈ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನನಗೆ ತಿಳಿದಂತೆ ಇಬ್ಬರೇ. ಒಬ್ಬ, ಅದನ್ನು ಬರೆದ ಪೇಂಟರು. ಇನ್ನೊಬ್ಬ, ಪ್ರಾಕ್ಟಿಕಲ್ ಪರೀಕ್ಷೆಯ ದಿನ ತನಗೆ ಕೊಟ್ಟ ಉಪ್ಪು ಯಾವುದೆಂದು ಹೊಳೆಯದೆ, ಗೋಡೆಯಲ್ಲಾದರೂ ಬರೆದಿದೆಯೋ ಎಂದು ಹುಡುಕುವ ವಿದ್ಯಾರ್ಥಿ. ಅಧ್ಯಾಪಕರು ಓದುವುದಿಲ್ಲ. ಬೋರ್ಡಿರುವುದು ಮಕ್ಕಳಿಗೆ ಎಂದು ಅವರ ನಂಬಿಕೆ. ‘ಆಹಾರ ಪಾನೀಯ ನಿಷೇಧ’ ಎಂಬ ಸಾಲಿನ ನೇರ ಕೆಳಗೆ, ಬುನ್ಸೆನ್ ಬರ್ನರಿನ ಮೇಲೆ, 500 ಮಿಲಿಲೀಟರಿನ ಬೀಕರಿನಲ್ಲಿ ಚಹಾ ಕುದಿಯುತ್ತಿದ್ದುದನ್ನು ನಾನು ಕಂಡಿದ್ದೇನೆ. “ಹೊಸ ಬೀಕರು ಕಣ್ರೀ, ಇದಕ್ಕೆ ಇನ್ನೇನೂ ಹಾಕಿಲ್ಲ” ಎಂದು ಸಮಜಾಯಿಷಿ. ಗೆರೆ ಎಳೆದಿರುವುದರಿಂದ ನಾಲ್ವರಿಗೆ ಸಮನಾಗಿ ಹಂಚಬಹುದು ಎಂಬ ಅನುಕೂಲ ಬೇರೆ.

ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಈಗ ಕಾಫಿಗೆ ಸಕ್ಕರೆಯ ಬದಲು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಮಾತ್ರೆ ಬೀಳುತ್ತದೆ. ಅದು ಲೋಟದಲ್ಲಿ ಕರಗುವುದನ್ನು ನೋಡುವಾಗೆಲ್ಲ ನನಗೆ ನಗು ಬರುತ್ತದೆ. ಯಾಕೆಂದರೆ ಸಕ್ಕರೆಗೆ ಬದಲಿಯಾಗಿ ಬಂದ ಈ ಸಿಹಿಗಳ ವಂಶವೃಕ್ಷವನ್ನು ತೆಗೆದು ನೋಡಿದರೆ, ಹೆಚ್ಚುಕಡಿಮೆ ಅಷ್ಟೂ ಹುಟ್ಟಿದ್ದು ಲ್ಯಾಬಿನ ಬೋರ್ಡನ್ನು ಯಾರೋ ಓದದೆ ಹೋದದ್ದರಿಂದ.

ಮೊದಲನೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಐರಾ ರೆಮ್ಸೆನ್ ಅವರ ಲ್ಯಾಬಿನಲ್ಲಿ, ಕಾನ್‌ಸ್ಟಂಟೈನ್ ಫಾಲ್‌ಬರ್ಗ್ ಎಂಬಾತ ಕಲ್ಲಿದ್ದಲ ಟಾರಿನಿಂದ ಬರುವ ಪದಾರ್ಥಗಳ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಬ್ರೆಡ್ಡು ಸಿಹಿ ಹತ್ತಿತು. ಬ್ರೆಡ್ಡಿನದಲ್ಲ, ಕೈಯದು ಎಂದು ಗೊತ್ತಾಯಿತು. ಕೈ ತೊಳೆಯದೆ ಊಟಕ್ಕೆ ಬಂದಿದ್ದ ಮಹಾಶಯ. ನಮ್ಮ ಮನೆಯಲ್ಲಾಗಿದ್ದರೆ ಎಬ್ಬಿಸಿ ಬಚ್ಚಲಿಗೆ ಕಳಿಸುತ್ತಿದ್ದರು. ಆತ ಎದ್ದು ಬಚ್ಚಲಿಗೆ ಹೋಗಲಿಲ್ಲ, ಲ್ಯಾಬಿಗೆ ಹೋದ. ಹೋಗಿ ಮೇಜಿನ ಮೇಲಿದ್ದ ಬೀಕರುಗಳನ್ನೂ ಬಟ್ಟಲುಗಳನ್ನೂ ಒಂದೊಂದಾಗಿ ರುಚಿ ನೋಡಿದ! ಯಾವುದರಲ್ಲೂ ವಿಷ ಇರಲಿಲ್ಲ ಎಂಬುದಷ್ಟೇ ಅವನ ಪುಣ್ಯ.

1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಸ್ವೇಡಾ ಜ್ವರದ ಔಷಧ ತಯಾರಿಸುತ್ತ ಸೇದುತ್ತಿದ್ದ ಸಿಗರೇಟನ್ನು ಮೇಜಿನ ಅಂಚಿಗೆ ಇಟ್ಟ. ಮತ್ತೆ ತುಟಿಗಿಟ್ಟಾಗ ಸಿಹಿ. ಸೈಕ್ಲಮೇಟ್ ಹುಟ್ಟಿತು. ಲ್ಯಾಬಿನಲ್ಲಿ ಸಿಗರೇಟು ಸೇದುವುದು ಒಂದು ತಪ್ಪು, ಅದನ್ನು ಮೇಜಿಗೆ ತಾಗಿಸುವುದು ಎರಡನೇ ತಪ್ಪು, ಮತ್ತೆ ಬಾಯಿಗಿಡುವುದು ಮೂರನೇ ತಪ್ಪು. ಮೂರನ್ನೂ ಸೇರಿಸಿದರೆ ಪೇಟೆಂಟು. 1965ರಲ್ಲಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿಗೆ ಮದ್ದು ಹುಡುಕುತ್ತಿದ್ದವನು ಒಂದು ಕಾಗದ ಎತ್ತಿಕೊಳ್ಳಲು ಬೆರಳು ನೆಕ್ಕಿದ. ಅಸ್ಪರ್ಟೇಮ್ ಸಿಕ್ಕಿತು. ಈ ಬೆರಳು ನೆಕ್ಕುವ ಚಟದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಬ್ಯಾಂಕಿನ ಕ್ಯಾಷಿಯರಿನಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಷ್ಟು ಕೋಟಿ ಬೆರಳುಗಳು ಒದ್ದೆಯಾಗಿವೆಯೋ. ಒಂದು ಸಿಹಿಯನ್ನೂ ನಾವು ಕಂಡುಹಿಡಿಯಲಿಲ್ಲ ಎಂಬುದು ಬೇಸರದ ಸಂಗತಿ.

ಆ ಬೇಸರವನ್ನು ಕಳೆಯಲಿಕ್ಕೆ ನಮ್ಮ ದೇಶದವನೇ ಒಬ್ಬ ಸಿಕ್ಕಿದ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಕೈಕೆಳಗೆ ಶಶಿಕಾಂತ ಫಡ್ನಿಸ್ ಎಂಬ ತರುಣ ಸಕ್ಕರೆಗೆ ಕ್ಲೋರಿನ್ ಸೇರಿಸುವ ಕೆಲಸ ಮಾಡುತ್ತಿದ್ದ. ಈ ಪುಡಿಯನ್ನು ‘ಟೆಸ್ಟ್’ ಮಾಡು ಎಂದು ಗುರುಗಳು ಹೇಳಿದ್ದು ಶಿಷ್ಯನ ಕಿವಿಗೆ ‘ಟೇಸ್ಟ್’ ಎಂದು ಬಿತ್ತಂತೆ. ಗುರುವಾಕ್ಯ. ಮೀರುವುದುಂಟೇ? ಚಮಚದ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಹೀಗೆ ಬಂತು. ಈಗ ನನ್ನ ಕಾಫಿಯಲ್ಲಿ ಕರಗುತ್ತಿರುವುದೂ ಅದೇ.

ಈ ಕಥೆಗಳನ್ನು ತರಗತಿಯಲ್ಲಿ ಹೇಳಬಾರದೆಂದು ನನ್ನ ಸಹೋದ್ಯೋಗಿಯೊಬ್ಬರು ಪಟ್ಟು ಹಿಡಿದಿದ್ದರು. ಮಕ್ಕಳು ಕೇಳಿಸಿಕೊಂಡು ನೆಕ್ಕಲು ಶುರುಮಾಡಿದರೆ ಎಂಬ ಭಯ. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ನೆಕ್ಕಿ ಬದುಕಿದವನ ಹೆಸರಿಗೆ ಮಾತ್ರೆ ಬರುತ್ತದೆ, ನೆಕ್ಕಿ ಸತ್ತವನ ಹೆಸರಿಗೆ ಏನೂ ಬರುವುದಿಲ್ಲ. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಆಮ್ಲಜನಕವನ್ನು ಪ್ರೀಸ್ಟ್ಲಿಗಿಂತ ಮೊದಲೇ ತಯಾರಿಸಿದವನು, ಕ್ಲೋರಿನ್ ಕಂಡವನು. ಹೊಸದಾಗಿ ಏನು ಮಾಡಿದರೂ ವಾಸನೆ ನೋಡಿ, ರುಚಿ ನೋಡಿ ಬರೆದಿಡುವುದು ಅವನ ಪದ್ಧತಿ. ಹೈಡ್ರೋಜನ್ ಸಯನೈಡಿನ ರುಚಿಯನ್ನು ಕೂಡ ಬರೆದಿಟ್ಟಿದ್ದಾನೆ! 1786ರಲ್ಲಿ ತೀರಿಕೊಂಡಾಗ ಅವನಿಗೆ 43 ವರ್ಷ. ಪಾದರಸ, ಆರ್ಸೆನಿಕ್ಕುಗಳೇ ಅವನನ್ನು ತಿಂದವು ಎಂದು ಊಹಿಸುವವರು ಬಹಳ.

ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು, ನಮ್ಮ ಕಾಲದಲ್ಲಿ ಪಿಪೆಟ್ಟನ್ನು ಬಾಯಲ್ಲೇ ಹೀರುತ್ತಿದ್ದೆವು. ಅದೊಂದು ವಿದ್ಯೆ. ಉಸಿರನ್ನು ಸಣ್ಣಗೆ ಎಳೆಯಬೇಕು, ದ್ರಾವಣ ಗೆರೆ ದಾಟಿದ ಕ್ಷಣಕ್ಕೆ ಬಾಯಿ ತೆಗೆದು ತೋರುಬೆರಳಿಂದ ಮುಚ್ಚಬೇಕು, ಹೆಬ್ಬೆರಳಿಂದ ಅಲ್ಲ. ಪಕ್ಕದವನು ಅದೇ ಹೊತ್ತಿಗೆ ಏನಾದರೂ ನಗೆ ಚಟಾಕಿ ಹಾರಿಸಿದರೆ ಸೋಡಿಯಂ ಹೈಡ್ರಾಕ್ಸೈಡು ನಾಲಿಗೆಗೆ ಬಂದು, ಸೋಪು ಕಚ್ಚಿದ ಹಾಗೆ ಜಾರುತ್ತಿತ್ತು. ಪರ್ಮಾಂಗನೇಟು ಬಾಯಿಗೆ ಹೋದ ಹುಡುಗ ಎರಡು ದಿನ ಹಲ್ಲು ಬಿಟ್ಟು ನಗುತ್ತಿರಲಿಲ್ಲ. ರಬ್ಬರ್ ಬಲ್ಬು ಬಂದಾಗ ಹಿರಿಯ ಅಧ್ಯಾಪಕರು ಮೂಗು ಮುರಿದರು: ಬಲ್ಬಿನಲ್ಲಿ ಆ ‘ಕಂಟ್ರೋಲು’ ಬರುವುದಿಲ್ಲವಂತೆ. ಮೂವತ್ತು ವರ್ಷ ಬಾಯಲ್ಲಿ ಹೀರಿ ಏನೂ ಆಗದಿದ್ದವರು ಅವರು. ಏನೂ ಆಗದಿರುವುದು ಮನುಷ್ಯನಿಗೆ ಎಷ್ಟು ಧೈರ್ಯ ಕೊಡುತ್ತದೆಂದರೆ, ಅದರ ಮುಂದೆ ಯಾವ ಬೋರ್ಡೂ ನಿಲ್ಲುವುದಿಲ್ಲ.

ಲ್ಯಾಬಿನಲ್ಲಿ ಹೆದರಬೇಕಾದ್ದು ಆಮ್ಲಕ್ಕಲ್ಲ, ಆಮ್ಲದ ಜೊತೆ ಬೆಳೆಯುವ ಸಲುಗೆಗೆ ಎಂದು ನನಗೆ ಅನ್ನಿಸಿದ್ದು ನಮ್ಮ ಅಟೆಂಡರನ್ನು ನೋಡಿ. ಎಸ್ಸೆಸ್ಸೆಲ್ಸಿ ದಾಟಿದವರಲ್ಲ ಅವರು. ಪಿಎಚ್‌ಡಿ ಮಾಡಿದ ನಾವೆಲ್ಲ ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಿಕೊಂಡು ಬಂದರೆ, ಅವರು ಒಂದು ಕೈ ತಳಕ್ಕೆ ಕೊಟ್ಟು, ಎಳೆಮಗುವನ್ನು ಎತ್ತುವ ಜಾಗರೂಕತೆಯಲ್ಲಿ ತರುತ್ತಿದ್ದರು. ಬಗ್ಗಿಸಿದ ಮೇಲೆ ಬಾಟಲಿಯ ಹೊರಮೈಯಲ್ಲಿ ಇಳಿದ ಹನಿಯನ್ನು ಒರೆಸದೆ ಶೆಲ್ಫಿಗೆ ಇಡುತ್ತಿರಲಿಲ್ಲ. “ಇಷ್ಟು ವರ್ಷ ಆಯ್ತಲ್ಲಪ್ಪ, ಇನ್ನೂ ಹೆದರಿಕೆಯೇ?” ಎಂದು ಒಮ್ಮೆ ನಮ್ಮ ಮುಖ್ಯಸ್ಥರು ತಮಾಷೆ ಮಾಡಿದರು. ಅಟೆಂಡರು ಬಾಟಲಿಯನ್ನು ಇಟ್ಟು, ಕೈ ಒರೆಸಿಕೊಂಡು, “ಆಸಿಡ್ಡು ಸೀನಿಯಾರಿಟಿ ನೋಡಲ್ಲ ಸಾರ್” ಅಂದರು. ಬಡ್ತಿಯ ಫೈಲು ಸರ್ಕಾರದಲ್ಲಿ ಸಿಕ್ಕಿಕೊಂಡಿದ್ದ ಮುಖ್ಯಸ್ಥರು ಮತ್ತೆ ಮಾತಾಡಲಿಲ್ಲ.

ಸಲುಗೆ ಕೈಗಷ್ಟೇ ಅಲ್ಲ, ಮೂಗಿಗೂ ಬರುತ್ತದೆ. ಹಳೆಯ ಕಾಲದ ಉಪ್ಪು ಪರೀಕ್ಷೆ ನೆನಪಿರುವವರಿಗೆ ಕಿಪ್ ಉಪಕರಣ ನೆನಪಿರಬೇಕು. ಒಂದರ ಮೇಲೊಂದು ಕೂತ ಮೂರು ಗಾಜಿನ ಬುರುಡೆ, ಅದರಿಂದ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ಆ ವಾಸನೆ ಶರ್ಟಿಗೆ, ರೆಕಾರ್ಡ್ ಪುಸ್ತಕಕ್ಕೆ, ಮಧ್ಯಾಹ್ನದ ಚಿತ್ರಾನ್ನಕ್ಕೆ ಎಲ್ಲಕ್ಕೂ ಅಂಟಿಕೊಂಡು ಮನೆವರೆಗೆ ಬರುತ್ತಿತ್ತು. ಕೆಮಿಸ್ಟ್ರಿ ಹುಡುಗರ ಪಕ್ಕ ಬಸ್ಸಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಈ ಅನಿಲಕ್ಕೊಂದು ದುಷ್ಟ ಗುಣವಿದೆ. ಕಡಿಮೆ ಇದ್ದಾಗ ಜೋರಾಗಿ ನಾರುತ್ತದೆ. ಹತ್ತು ಲಕ್ಷಕ್ಕೆ ನೂರು ಭಾಗದಷ್ಟು ಏರಿದರೆ ಮೂಗಿನ ನರವನ್ನೇ ಮಂಕಾಗಿಸುತ್ತದೆ. ವಾಸನೆ ಹೋಯಿತು, ಸದ್ಯ ಎಂದು ನಿಟ್ಟುಸಿರು ಬಿಡುತ್ತೇವೆ. ಆ ನಿಟ್ಟುಸಿರು ಬಿಟ್ಟ ಜಾಗದಿಂದಲೇ ಓಡಬೇಕಾಗಿರುವುದು. ಹಾಗಾಗಿ ಫ್ಯೂಮ್ ಕಪ್‌ಬೋರ್ಡು ಎಂಬ, ಗಾಳಿ ಎಳೆದು ಹೊರಗೆ ಬಿಡುವ ಗಾಜಿನ ಗೂಡು ಇರುತ್ತದೆ. ನಮ್ಮ ಬಹುಪಾಲು ಲ್ಯಾಬುಗಳಲ್ಲಿ ಅದರೊಳಗೆ ಹಳೆಯ ಬಾಟಲಿ, ಒಡೆದ ಸ್ಟ್ಯಾಂಡು, ಹೋದ ವರ್ಷದ ಉತ್ತರ ಪತ್ರಿಕೆಗಳ ಕಟ್ಟು ತುಂಬಿ, ಗಾಳಿಗೆ ಜಾಗವಿಲ್ಲದಂತಾಗಿರುತ್ತದೆ.

ಲ್ಯಾಬಿನ ಶಿಸ್ತನ್ನು ನನಗೆ ಮೊದಲು ಕಲಿಸಿದ್ದು ಯಾವ ಪ್ರೊಫೆಸರೂ ಅಲ್ಲ, ನಮ್ಮಜ್ಜಿ. ಅವಳಿಗೆ ರಸಾಯನಶಾಸ್ತ್ರದ ಹೆಸರೂ ಗೊತ್ತಿರಲಿಲ್ಲ, ಮಡಿ ಗೊತ್ತಿತ್ತು. ಅನ್ನದ ಪಾತ್ರೆ ಮುಟ್ಟಿದ ಕೈ ಮುಸುರೆ. ಅದನ್ನು ತೊಳೆಯದೆ ತುಪ್ಪದ ಗಿಂಡಿ ಮುಟ್ಟುವ ಹಾಗಿಲ್ಲ. ಬಡಿಸುವ ಸೌಟು ಎಲೆಗೆ ತಾಗಿದರೆ ಅದು ಮತ್ತೆ ಪಾತ್ರೆಗೆ ಹೋಗುವ ಹಾಗಿಲ್ಲ. ನೀರಿನ ಲೋಟ ತುಟಿಗೆ ಸೋಕುವ ಹಾಗಿಲ್ಲ, ಎತ್ತಿಯೇ ಕುಡಿಯಬೇಕು. ಉಪ್ಪಿನಕಾಯಿ ಭರಣಿಗೆ ಒದ್ದೆ ಕೈ ಹೋದರಂತೂ ಆ ದಿನ ಮನೆಯಲ್ಲಿ ಯುದ್ಧ. ಅವಳ ಕಣ್ಣಿಗೆ ಅಡುಗೆಮನೆ ತುಂಬ ಕಾಣದ ಗೆರೆಗಳು; ಕೈಯಿಂದ ಪಾತ್ರೆಗೆ, ಪಾತ್ರೆಯಿಂದ ಬಾಗಿಲಿಗೆ ಏನೋ ಹರಿದು ಹೋಗುತ್ತಿರುವುದು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಮುಂದೆ ಎಂಎಸ್ಸಿಯಲ್ಲಿ, ಬಾಟಲಿಯಿಂದ ತೆಗೆದ ರಾಸಾಯನಿಕವನ್ನು ಮಿಕ್ಕಿದರೂ ವಾಪಸು ಹಾಕಬಾರದು, ಒಂದು ಬಾಟಲಿಯ ಚಮಚ ಇನ್ನೊಂದಕ್ಕೆ ಹೋಗಬಾರದು, ಕೈಗವಸಿನಲ್ಲಿ ಬಾಗಿಲ ಹಿಡಿ ಮುಟ್ಟಬಾರದು ಎಂದೆಲ್ಲ ಹೇಳಿಕೊಟ್ಟಾಗ ಪಕ್ಕದವರು ಬರೆದುಕೊಳ್ಳುತ್ತಿದ್ದರು. ನನಗೆ ಬರೆದುಕೊಳ್ಳುವಂಥದ್ದೇನೂ ಕಾಣಲಿಲ್ಲ.

ಅಜ್ಜಿಯ ಮಡಿಗೆ ಇನ್ನೊಂದು ಮುಖವಿತ್ತು, ಅದು ಮನುಷ್ಯರನ್ನೂ ಹಿತ್ತಲಲ್ಲಿ ನಿಲ್ಲಿಸುತ್ತಿತ್ತು. ಅದನ್ನು ಸಮರ್ಥಿಸುವ ಆಸೆ ನನಗಿಲ್ಲ. ಲ್ಯಾಬಿನ ಮಡಿಯಲ್ಲಿ ಆ ರೋಗವಿಲ್ಲ. ಬೆನ್ಜೀನ್ ಮುಟ್ಟಿದ ಕೈ ಯಾರದಾದರೂ ಮೈಲಿಗೆಯೇ, ಕುಲಪತಿಗಳದ್ದಾದರೂ. ಈಗಿನ ಹುಡುಗರಿಗೆ ಕಷ್ಟವಾಗಿರುವುದು ಮೊಬೈಲಿನಿಂದ. ಕೈಗವಸು ಹಾಕಿಕೊಂಡು ಶ್ರದ್ಧೆಯಿಂದ ಕೆಲಸ ಮಾಡುತ್ತಿರುತ್ತಾರೆ. ಫೋನು ಗುಂಯ್ ಅನ್ನುತ್ತದೆ. ಅದೇ ಕೈಯಲ್ಲಿ ತೆಗೆದು, ತೀಡಿ, ಕೆನ್ನೆಗೆ ಇಟ್ಟುಕೊಂಡು, “ಹೂಂ ಅಮ್ಮಾ, ಊಟ ಆಯ್ತು” ಅನ್ನುತ್ತಾರೆ. ಆ ಕೈಗವಸು ಕಾಪಾಡಿದ್ದು ಏನನ್ನು? ಅಜ್ಜಿ ಇದ್ದಿದ್ದರೆ ಫೋನಿಗೂ ನೀರು ಹಾಕಿ ತೊಳೆಸುತ್ತಿದ್ದಳು.

ಮಡಿಯಲ್ಲಿ ನಾವು ಇನ್ನೊಂದು ಕಡೆ ಎಡವುತ್ತೇವೆ, ಚಪ್ಪಲಿಯಲ್ಲಿ. ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕೆಂದು ಮಕ್ಕಳಿಗೆ ಹೈಸ್ಕೂಲಿನಿಂದಲೇ ಅಭ್ಯಾಸ. ವಿದ್ಯೆಯ ಜಾಗ, ಸರಸ್ವತಿ ಎಂಬ ಭಕ್ತಿಯೂ ಸೇರಿರುತ್ತದೆ. ಅದೇ ಭಕ್ತಿಯಲ್ಲಿ ಹಳ್ಳಿಯಿಂದ ಬಂದ ಹುಡುಗಿ ಕೆಮಿಸ್ಟ್ರಿ ಲ್ಯಾಬಿನ ಹೊಸಿಲಲ್ಲಿ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒಳಗೆ ಬರುತ್ತಾಳೆ. ಒಡೆದ ಟೆಸ್ಟ್ ಟ್ಯೂಬಿನ ಚೂರು, ಚೆಲ್ಲಿದ ನೈಟ್ರಿಕ್ ಆಮ್ಲ ಎರಡಕ್ಕೂ ಸರಸ್ವತಿಯ ಪರಿಚಯವಿಲ್ಲ. “ಹಾಕ್ಕೊಂಡು ಬಾರಮ್ಮಾ, ಬೂಟಿದ್ರೆ ಇನ್ನೂ ಒಳ್ಳೇದು” ಎಂದು ಅಟೆಂಡರು ಹೇಳಿದರೆ, ಅವಳಿಗೆ ದೇವಸ್ಥಾನದೊಳಗೆ ಚಪ್ಪಲಿ ಹಾಕು ಎಂದಷ್ಟು ಸಂಕಟ.

ಇಷ್ಟಾಗಿಯೂ, ಮಡಿಯನ್ನೆಲ್ಲ ಪಾಲಿಸಿದವರಿಗೂ ಕೇಡು ಬರುವುದುಂಟು. ನನಗೆ ಲ್ಯಾಬಿನ ಕಥೆಗಳಲ್ಲೆಲ್ಲ ಅತ್ಯಂತ ಕಷ್ಟದ ಕಥೆ ಕ್ಯಾರೆನ್ ವೆಟರ್‌ಹಾನ್ ಅವರದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ; ವಿಷ ಲೋಹಗಳು ದೇಹಕ್ಕೆ ಏನು ಮಾಡುತ್ತವೆ ಎಂಬುದೇ ಅವರ ಅಧ್ಯಯನದ ವಿಷಯ. 1996ರ ಆಗಸ್ಟ್ 14ರಂದು ಫ್ಯೂಮ್ ಕಪ್‌ಬೋರ್ಡಿನೊಳಗೆ, ಕೋಟು, ಕನ್ನಡಕ, ರಬ್ಬರ್ ಕೈಗವಸು ಎಲ್ಲ ಹಾಕಿಕೊಂಡು ಡೈಮೀಥೈಲ್ ಮರ್ಕ್ಯುರಿ ತೆಗೆಯುತ್ತಿದ್ದಾಗ ಒಂದೆರಡು ಹನಿ ಕೈಗವಸಿನ ಮೇಲೆ ಬಿತ್ತು. ಆ ಕಾಲದ ನಿಯಮ ಒಂದನ್ನೂ ಅವರು ಮುರಿದಿರಲಿಲ್ಲ. ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ತೀರಿಕೊಂಡರು. ಪರೀಕ್ಷೆ ಮಾಡಿ ನೋಡಿದರೆ, ಆ ದ್ರವ ಅಂಥ ಲೇಟೆಕ್ಸ್ ಕೈಗವಸನ್ನು ದಾಟಲು ಸುಮಾರು 15 ಸೆಕೆಂಡು ಸಾಕಾಗಿತ್ತು. ನಿಯಮ ಬರೆದವರಿಗೇ ಅದು ಗೊತ್ತಿರಲಿಲ್ಲ. ಅವರ ಸಾವಿನ ನಂತರ ಬೋರ್ಡಿನ ಆ ಸಾಲು ಬದಲಾಯಿತು: ಪ್ಲಾಸ್ಟಿಕ್ ಪದರ ಕೂಡಿಸಿದ ಬೇರೆ ಕೈಗವಸು, ಅದರ ಮೇಲೆ ಇನ್ನೊಂದು ದಪ್ಪನೆಯದು. ಕೈಗವಸು ಎಂದರೆ ಎಲ್ಲವೂ ಒಂದೇ ಅಲ್ಲ. ಯಾವ ದ್ರವಕ್ಕೆ ಯಾವುದು, ಎಷ್ಟು ಹೊತ್ತು ತಡೆಯುತ್ತದೆ ಎಂದು ಪಟ್ಟಿ ನೋಡಿಯೇ ಹಾಕಬೇಕು. ಔಷಧದಂಗಡಿಯ ಕೈಗವಸು ಎಲ್ಲಕ್ಕೂ ಆಗುತ್ತದೆ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಬಟ್ಟೆಯ ವಿಷಯವೂ ಹೀಗೆಯೇ. ಬಿಳಿ ಏಪ್ರನ್ ಎಂದರೆ ನಮ್ಮ ಹುಡುಗರಿಗೆ ಗುಂಪು ಫೋಟೋಕ್ಕೆ ಬೇಕಾದ ವಸ್ತು. ಉಳಿದ ದಿನ ಅದು ಸ್ಕೂಟರಿನ ಸೀಟು ಒರೆಸುತ್ತದೆ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದ ಸಂಶೋಧನಾ ಸಹಾಯಕಿಯೊಬ್ಬಳ ಕೈಯಲ್ಲಿ ಸಿರಿಂಜಿನ ಹಿಡಿಯೇ ಹೊರಬಂತು. ಕೋಟು ಇರಲಿಲ್ಲ, ಮೈಮೇಲಿದ್ದದ್ದು ಸಿಂಥೆಟಿಕ್ ಸ್ವೆಟರು. ಅದು ಉರಿಯುತ್ತ ಕರಗಿತು. 23 ವರ್ಷದ ಹುಡುಗಿ. ಹದಿನೆಂಟು ದಿನಕ್ಕೆ ಹೋದಳು. ಆ ಸುದ್ದಿ ಓದಿದ ಮೇಲೆ ನಾನು ತರಗತಿಯಲ್ಲಿ ಪಾಲಿಯೆಸ್ಟರ್ ದುಪಟ್ಟಾ, ನೈಲಾನ್ ಸೀರೆಗಳ ಮೇಲೆ ಭಾಷಣ ಮಾಡತೊಡಗಿದೆ. ದುಪಟ್ಟಾ ಸೊಂಟಕ್ಕೆ ಕಟ್ಟಿ, ಜಡೆ ಮೇಲೆ ಕಟ್ಟಿ, ಹತ್ತಿಬಟ್ಟೆ ಹಾಕಿ. ಮುದುಕನಿಗೆ ಸೀರೆ ಅಂಗಡಿಯ ಮೇಲೆ ದ್ವೇಷ ಎಂದು ಹಿಂದಿನ ಬೆಂಚಿನಲ್ಲಿ ನಗೆ. ಜಡೆಯ ಮಾತೇನೂ ಸಣ್ಣದಲ್ಲ. 2011ರ ಏಪ್ರಿಲ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ವರ್ಕ್‌ಷಾಪಿನಲ್ಲಿ ರಾತ್ರಿ ಹೊತ್ತು ಒಬ್ಬಳೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯ ಕೂದಲು ಲೇತ್ ಯಂತ್ರಕ್ಕೆ ಸಿಕ್ಕಿತು. ಒಬ್ಬರೇ ಇರಬೇಡಿ ಎಂಬ ಸಾಲನ್ನು ಬೋರ್ಡಿನ ಕೊನೆಗೆ, ಜಾಗ ಸಾಲದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ನನ್ನನ್ನು ಕೇಳಿದರೆ ಅದನ್ನು ಮೊದಲು ಬರೆಯಬೇಕು.

ಆಮ್ಲಕ್ಕೆ ನೀರು ಹಾಕಬೇಡಿ, ನೀರಿಗೆ ಆಮ್ಲ ಹಾಕಿ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಯಾಕೆ ಎಂದು ವೈವಾದಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಮಂದಿ “ಹಾಗೇ ಸಾರ್, ಬುಕ್ಕಲ್ಲಿದೆ” ಅನ್ನುತ್ತಾರೆ. ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 1.84, ಮೇಲೆ ಸುರಿದ ನೀರು ತೇಲುತ್ತದೆ, ಬೆರೆಯುವಾಗ ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು, ಆಮ್ಲವನ್ನೂ ಎತ್ತಿಕೊಂಡು ಮುಖಕ್ಕೆ ಎರಚುತ್ತದೆ. ಮುಖವೆಂದರೆ ಕಣ್ಣು. ಲ್ಯಾಬಿನಲ್ಲಿ ಹಗಲೆಲ್ಲ ಉರಿಯುವ ಬರ್ನರಿಗೆ ಹೆಸರು ಕೊಟ್ಟ ರಾಬರ್ಟ್ ಬುನ್ಸೆನ್ ಆರ್ಸೆನಿಕ್ಕಿನ ಒಂದು ಸಂಯುಕ್ತ ಸಿಡಿದು ಬಲಗಣ್ಣಿನ ದೃಷ್ಟಿ ಕಳೆದುಕೊಂಡವನು. ಬರ್ನರು ಬಂದದ್ದು ಆಮೇಲೆ, 1855ರ ಸುಮಾರಿಗೆ. ಅವನ ಬೆಂಕಿಯ ಮುಂದೆ ನಿಂತು ನಮ್ಮ ಹುಡುಗರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, “ಬೆವರು ಬರತ್ತೆ ಸಾರ್” ಎನ್ನುತ್ತಾರೆ.

ಕಣ್ಣಿಗೆ ಏನಾದರೂ ಬಿದ್ದರೆ ಕನಿಷ್ಠ 15 ನಿಮಿಷ ಬಿಡದೆ ನೀರು ಹಾಯಿಸಬೇಕು. ಅದಕ್ಕೊಂದು ಚಿಲುಮೆ, ಮೈಮೇಲೆ ಬಿದ್ದರೆ ತಲೆಯ ಮೇಲಿಂದ ಸುರಿಯುವ ಶವರು, ಎಳೆಯಲು ಸರಪಳಿ. ಕಾಲೇಜುಗಳ ಗುಣಮಟ್ಟಕ್ಕೆ ಅಂಕ ಕೊಡುವ ನ್ಯಾಕ್ ಸಮಿತಿ ಬರುತ್ತದೆಂದು ಒಂದು ವಿಭಾಗದಲ್ಲಿ ಇವನ್ನೆಲ್ಲ ತಿಂಗಳೊಪ್ಪತ್ತಿನಲ್ಲಿ ಕೂರಿಸಿದರು. ಹೊಸ ಬೋರ್ಡು ಬಂತು, ಬೆಂಕಿ ಆರಿಸುವ ಕೆಂಪು ಸಿಲಿಂಡರು ಬೀರುವಿನ ಹಿಂದಿನಿಂದ ಎದುರಿಗೆ ಬಂತು, ಮರಳಿನ ಬಕೆಟ್ಟಿನಿಂದ ಬೀಡಿ ತುಂಡುಗಳನ್ನು ಹೆಕ್ಕಿದ್ದಾಯಿತು. ಸಮಿತಿಯ ಸದಸ್ಯರೊಬ್ಬರು ಶವರಿನ ಸರಪಳಿಯನ್ನು ಎಳೆದೇಬಿಟ್ಟರು. ನೀರು ಬಂತು, ಧಾರಾಳವಾಗಿ ಬಂತು. ಅದು ಹೋಗಲು ಮೋರಿ ಮಾಡಿಸಿಲ್ಲ ಎಂಬುದು ಆಗ ಎಲ್ಲರ ಗಮನಕ್ಕೂ ಬಂತು. ಆ ವಿಭಾಗಕ್ಕೆ ಒಳ್ಳೆಯ ಅಂಕವೇ ಸಿಕ್ಕಿತೆಂದು ಕೇಳಿದೆ. ನೀರು ಬಂದದ್ದೇ ಅವರಿಗೆ ಹೆಚ್ಚೆನಿಸಿರಬೇಕು. ವಾರಕ್ಕೊಮ್ಮೆ ಈ ನಲ್ಲಿಗಳನ್ನು ಬಿಟ್ಟು ನೋಡಬೇಕು, ಇಲ್ಲದಿದ್ದರೆ ಕಣ್ಣು ತೊಳೆಯಲು ಹೋದವನಿಗೆ ತುಕ್ಕಿನ ನೀರು ಸಿಗುತ್ತದೆ.

ಮುಗಿದ ಕೆಲಸದ ಬಗ್ಗೆ ಬೋರ್ಡು ಹೆಚ್ಚು ಮಾತಾಡುವುದಿಲ್ಲ. ಕೇಡು ಕೂತಿರುವುದು ಅಲ್ಲೇ. ನಿವೃತ್ತರಾದ ಪ್ರೊಫೆಸರರ ಬೀರು ತೆಗೆದು ನೋಡಬೇಕು: ಚೀಟಿ ಉದುರಿದ ಬಾಟಲಿ, ತಂಪು ಪಾನೀಯದ ಬಾಟಲಿಯಲ್ಲಿ ಬಣ್ಣವಿಲ್ಲದ ಏನೋ ದ್ರವ, ತೆರೆದ ತಾರೀಖು ಬರೆಯದ ಈಥರು. ಈಥರನ್ನು ಗಾಳಿಯಾಡುವಂತೆ ಬಹುಕಾಲ ಇಟ್ಟರೆ ಪೆರಾಕ್ಸೈಡು ಕೂಡಿಕೊಂಡು ಸಿಡಿಯುವ ಗುಣ ಬರುತ್ತದೆ. ಪಿಕ್ರಿಕ್ ಆಮ್ಲ ಒಣಗಿದರೂ ಅಷ್ಟೇ, ಮುಚ್ಚಳ ತಿರುಗಿಸುವುದೇ ಸಾಕು. ಚೀಟಿಯಿಲ್ಲದ ಬಾಟಲಿಯನ್ನು ಚೆಲ್ಲಲೂ ಆಗದು, ಇಡಲೂ ಆಗದು. ನಾವು ಮಾಡುವುದೇನೆಂದರೆ, ಹೊಸದಾಗಿ ಬಂದವನಿಗೆ ಆ ಬೀರುವಿನ ಕೀ ಕೊಟ್ಟುಬಿಡುವುದು.

ಬೀರುವಿನ ಕೀ ಸಾಲದೆ ಗುಜರಿಗೇ ಕೊಟ್ಟದ್ದೂ ಇದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ, ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇದ್ದ ಒಂದು ಯಂತ್ರ 1985ರಿಂದ ಯಾರಿಗೂ ಬೇಡವಾಗಿ ಕೂತಿತ್ತು. 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದು ಬಿಡಿಸಿದರು. ಏಪ್ರಿಲ್ ಹೊತ್ತಿಗೆ ಕೈ ಸುಟ್ಟವರು, ಕೂದಲು ಉದುರಿದವರು ಆಸ್ಪತ್ರೆಗೆ ಬಂದರು, ಒಬ್ಬ ಉಳಿಯಲಿಲ್ಲ. ಕೋಬಾಲ್ಟ್-60 ಐದು ವರ್ಷ ಚಿಲ್ಲರೆಗೊಮ್ಮೆ ಅರ್ಧವಾಗುತ್ತ ಬರುತ್ತದೆ. 25 ವರ್ಷ ಕಾದರೂ ಕೊಲ್ಲುವಷ್ಟು ಮಿಕ್ಕಿತ್ತು. ಲ್ಯಾಬಿನ ಮುಖವನ್ನೇ ಕಾಣದ, ಕೆ.ಜಿ. ಲೆಕ್ಕದಲ್ಲಿ ಕಬ್ಬಿಣ ತೂಗುವ ಬಡವ, ಯಾವ ಬೋರ್ಡನ್ನು ಓದಬೇಕಿತ್ತು? ಈ ಪ್ರಶ್ನೆಗೆ ನನ್ನ ಹತ್ತಿರ ತಮಾಷೆಯ ಉತ್ತರವಿಲ್ಲ.

ನಮ್ಮ ಲ್ಯಾಬುಗಳಿಗೆ ವರ್ಷಕ್ಕೊಮ್ಮೆ ನಿಜವಾದ ಸ್ವಚ್ಛತೆ ಬರುವುದು ಆಯುಧಪೂಜೆಗೆ. ಧೂಳು ಕೊಡವಿ, ತಕ್ಕಡಿಗೆ ಕುಂಕುಮ, ಸ್ಪೆಕ್ಟ್ರೋಮೀಟರಿಗೆ ಸೇವಂತಿಗೆ, ಆಮ್ಲದ ಬಾಟಲಿಗೂ ಒಂದು ಗಂಧದ ಬೊಟ್ಟು. ಆ ಬೊಟ್ಟು ಚೀಟಿಯ ಮೇಲೆ ಬಿದ್ದು ಹೈಡ್ರೋಕ್ಲೋರಿಕ್ ಯಾವುದು, ನೈಟ್ರಿಕ್ ಯಾವುದು ಎಂದು ತಿಳಿಯದಾದದ್ದುಂಟು. ಒಂದು ವರ್ಷ ಅರ್ಚಕರು ಮಂಗಳಾರತಿ ತಟ್ಟೆಯಲ್ಲಿ ಉರಿಯುವ ಕರ್ಪೂರ ಹಿಡಿದು ಅಸಿಟೋನಿನ ಶೆಲ್ಫಿನ ಕಡೆ ಹೊರಟಾಗ ಅಟೆಂಡರು ಅಡ್ಡ ನಿಂತರು. “ದೇವರು ಒಳಗಡೆನೇ ಇರ್ಲಿ ಸ್ವಾಮಿ, ಆರತಿ ಹೊರಗಡೆ ಬೆಳಗಿ” ಅಂದರು. ಅರ್ಚಕರಿಗೆ ಮುನಿಸು. ಕಡೆಗೆ ಕಾರಿಡಾರಿನಲ್ಲಿ ನಿಂತು, ಕಿಟಕಿಯಿಂದ ಯಂತ್ರಗಳಿಗೆಲ್ಲ ಒಟ್ಟಿಗೆ ಬೆಳಗಿದ್ದಾಯಿತು. ಬೂದುಗುಂಬಳ ಗೇಟಿನ ಹೊರಗೆ ಒಡೆಯಿತು. ಅವತ್ತಿನಿಂದ ಅದೇ ಪದ್ಧತಿ.

ಅನಿಲದ ಸಿಲಿಂಡರುಗಳಿಗೆ ಮಾತ್ರ ಅಟೆಂಡರು ಬೊಟ್ಟಿಡುವ ಮೊದಲು ಸರಪಳಿ ನೋಡುತ್ತಿದ್ದರು. ಗೋಡೆಗೆ ಕಟ್ಟಿದೆಯೋ ಇಲ್ಲವೋ. ಮನೆಯಲ್ಲಿ ಅಡುಗೆ ಗ್ಯಾಸಿನ ಸಿಲಿಂಡರನ್ನು ಓರೆ ಮಾಡಿ ಉರುಳಿಸಿ ಅಭ್ಯಾಸವಾದ ನಮಗೆ, ಲ್ಯಾಬಿನ ಹೈಡ್ರೋಜನ್ ಸಿಲಿಂಡರಿನಲ್ಲಿ ಗಾಳಿಯ ಒತ್ತಡದ ಸುಮಾರು 150 ಪಟ್ಟು ಕೂತಿದೆ ಎಂಬುದು ಮನಸ್ಸಿಗೆ ಬರುವುದಿಲ್ಲ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ತರಂಗಗಳ ಲ್ಯಾಬಿನಲ್ಲಿ ಸಿಲಿಂಡರು ಸ್ಫೋಟಿಸಿ ಒಬ್ಬ ತರುಣ ಸತ್ತ, ಮೂವರಿಗೆ ಗಾಯವಾಯಿತು. ಮರುದಿನ ಪತ್ರಿಕೆ ತಂದು ಓದಿಸಿಕೊಂಡ ನಮ್ಮ ಅಟೆಂಡರು ಏನೂ ಹೇಳದೆ ಒಳಗೆ ಹೋಗಿ ಸರಪಳಿಗಳನ್ನೆಲ್ಲ ಮತ್ತೊಮ್ಮೆ ಎಳೆದು ನೋಡಿದರು. ಅವು ಬಿಗಿಯಾಗಿಯೇ ಇದ್ದವು.

ಬೋರ್ಡಿನಲ್ಲಿಲ್ಲದ ಒಂದು ನಿಯಮ ಲಿಫ್ಟಿನದು. ದ್ರವ ನೈಟ್ರೋಜನ್ನು ಮೈನಸ್ 196 ಡಿಗ್ರಿಯದು. ಒಂದು ಲೀಟರು ಆವಿಯಾದರೆ ಸುಮಾರು 700 ಲೀಟರು ಅನಿಲ. ಐದು ಲೀಟರು ಚೆಲ್ಲಿದರೆ ಮೂರೂವರೆ ಸಾವಿರ. ಎಂಟು ಜನರ ಲಿಫ್ಟಿನ ಒಳಗಿನ ಜಾಗವೂ ಹೆಚ್ಚುಕಡಿಮೆ ಅಷ್ಟೇ. ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ಸುಮ್ಮನೆ ಎಚ್ಚರ ತಪ್ಪುತ್ತದೆ. ಆದ್ದರಿಂದ ಕ್ಯಾನನ್ನು ಲಿಫ್ಟಿನಲ್ಲಿ ಒಂದನ್ನೇ ಕಳಿಸಬೇಕು. ಕೆಳಗೊಬ್ಬ ಗುಂಡಿ ಒತ್ತಬೇಕು, ಮೇಲೊಬ್ಬ ಇಳಿಸಿಕೊಳ್ಳಬೇಕು, ನಡುವಿನ ಮಹಡಿಗಳಲ್ಲಿ ಯಾರೂ ಹತ್ತದಂತೆ ನೋಡಿಕೊಳ್ಳಬೇಕು. ನಮ್ಮ ಕಟ್ಟಡದ ನಡುವಿನ ಮಹಡಿಯಲ್ಲಿ ಗಣಿತ ವಿಭಾಗವಿತ್ತು. ಕ್ಯಾನಿಗೆ ಕೆಂಪು ಚೀಟಿ ಅಂಟಿಸಿದ್ದರೂ, ಗಣಿತದ ಪ್ರೊಫೆಸರೊಬ್ಬರು ಬಾಗಿಲು ತೆರೆದದ್ದೇ ತಡ ಒಳಗೆ ಕಾಲಿಟ್ಟರು. ಮೆಟ್ಟಿಲಲ್ಲಿ ಓಡಿ ಬಂದ ಅಟೆಂಡರು ಬಾಗಿಲಿಗೆ ಕೈಯೊಡ್ಡಿದರು.

“ಇಳೀರಿ ಸಾರ್.”

“ಯಾಕಯ್ಯಾ? ಖಾಲಿ ಇದೆಯಲ್ಲ.”

“ಖಾಲಿ ಇಲ್ಲ ಸಾರ್, ನೈಟ್ರೋಜನ್ನು ಹೋಗ್ತಾ ಇದೆ.”

“ನಾನು ಒಂದು ಮೂಲೇಲಿ ನಿಂತ್ಕೊತೀನಿ. ಅದಕ್ಕೇನು ಮೆಟ್ಟಿಲು ಹತ್ತೋಕಾಗಲ್ವಾ?”

“ಅದಕ್ಕಾಗಲ್ಲ ಸಾರ್, ನಿಮಗಾಗತ್ತೆ.”

ಪ್ರೊಫೆಸರರು ಇಳಿದರು. ಗೊಣಗುತ್ತ ಮೆಟ್ಟಿಲು ಹತ್ತಿ ಬಂದು, ವೈಸ್ ಚಾನ್ಸಲರಿಗೆ ಬರೆಯುತ್ತೇನೆ ಎಂದು ನನ್ನ ಕೋಣೆಯಲ್ಲಿ ಕೂತರು. ಒಂದು ಲೋಟ ಚಹಾ ಕೊಡಿಸಿದೆ, ಕ್ಯಾಂಟೀನಿನದು. ಕುಡಿದು ಮುಗಿಸಿ, ಕಾಗದದ ಮೇಲೆ 700 ಇಂಟು 5 ಬರೆದು, ಲಿಫ್ಟಿನ ಉದ್ದ ಅಗಲ ಎಷ್ಟು ಎಂದು ಕೇಳಿದರು. ಲೆಕ್ಕ ಹಾಕಿದ ಮೇಲೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಇಳಿಯುವಾಗಲೂ ಮೆಟ್ಟಿಲಲ್ಲೇ ಹೋದರು.